ಧಾರೆ ಎರೆದದ್ದಕ್ಕೆ ಕಾಗದ ಎಲ್ಲಿ? ವಿಜಯಪುರದ ಒಂದು ಫೈಲಿನ ಹಿಂದಿನ ಚರಿತ್ರೆ

ಕಳೆದ ವರ್ಷ ಒಂದು ಭಾನುವಾರ ನಮ್ಮ ಬಳಗದ ಒಬ್ಬರ ಮನೆಯ ಜಗಲಿಯಲ್ಲಿ ಒಂದು ಪ್ಲಾಸ್ಟಿಕ್ ಫೈಲು ಬಿಚ್ಚಿಕೊಂಡು ಕೂತಿದ್ದೆವು. ಊರು ವಿಜಯಪುರ. ಬಸವನಬಾಗೇವಾಡಿ ಕಡೆಯ ವಿಜಯಪುರ ಅಲ್ಲ, ನಮ್ಮ ದೇವನಹಳ್ಳಿ ತಾಲ್ಲೂಕಿನ ವಿಜಯಪುರ. ಫೈಲು ಗೆಳೆಯನ ಚಿಕ್ಕಪ್ಪನ ಮಗಳದ್ದು. ಮದುವೆಯಾಗಿ ವರ್ಷ ದಾಟಿತ್ತು. ಹುಡುಗ ಚಿಕ್ಕವನಿದ್ದಾಗಲೇ ಅಪ್ಪ–ಅಮ್ಮನ ಜೊತೆ ಅಮೆರಿಕಕ್ಕೆ ಹೋಗಿ ಅಲ್ಲಿನ ಪೌರನಾದವನು. ಈಗ ಹೆಂಡತಿಯನ್ನು ಕರೆಸಿಕೊಳ್ಳಬೇಕು. ಅದಕ್ಕೆ ಅವಳಿಗೆ ಅಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ, ಅಂದರೆ ನಾವೆಲ್ಲ ಗ್ರೀನ್ ಕಾರ್ಡ್ ಅನ್ನುತ್ತೇವಲ್ಲ, ಅದು ಬೇಕು.

"ಪತ್ರಿಕೋದ್ಯಮ ಓದಿದವರು ನೀವೇ ಅಲ್ವೇನ್ರಪ್ಪಾ, ಲಗ್ನಪತ್ರಿಕೆ ಇಂಗ್ಲಿಷಿಗೆ ಮಾಡಿಕೊಡಿ" ಎಂದು ಚಿಕ್ಕಪ್ಪ ಕರೆಸಿದ್ದರು. ರೇಷ್ಮೆ ನೂಲು ತೆಗೆಯುವ ಮನೆ ಅವರದು. ಗೂಡಿನ ವಾಸನೆ, ಬಿಸಿನೀರಿನ ಹಬೆಯ ನಡುವೆ ಒಂದೊಂದೇ ಕಾಗದ ತೆಗೆದು ನೋಡಿದೆವು. ಒಂದು ಗಂಟೆಯ ಕೆಲಸ ಅಂದುಕೊಂಡಿದ್ದೆವು. ಮೂರು ಭಾನುವಾರ ಹಿಡಿಯಿತು.

ಕಾರಣ ಭಾಷೆಯಲ್ಲ. ಕಾರಣ ಚರಿತ್ರೆ. ಆ ಫೈಲಿನಲ್ಲಿ ಒಂದೇ ಮನೆಯವರ ಊರಿಗೆ ಎಷ್ಟು ಹೆಸರು ಇದ್ದವು ನೋಡಿ.

ಅಜ್ಜನ ಕಾಲದ ಜಮೀನಿನ ಪತ್ರದಲ್ಲಿ ಊರು ವಡಿಗೇನಹಳ್ಳಿ, ಜಿಲ್ಲೆ ಬೆಂಗಳೂರು, ರಾಜ್ಯ ಮೈಸೂರು. ವಿಜಯಪುರದ ಹಳೆಯ ಹೆಸರು ವಡಿಗೇನಹಳ್ಳಿ ಅನ್ನುವುದು ಊರಿನ ಹಿರಿಯರಿಗೆ ಗೊತ್ತು, ಅಮೆರಿಕದ ಅಧಿಕಾರಿಗೆ ಗೊತ್ತಿಲ್ಲ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಅಪ್ಪನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ರಾಜ್ಯ ಕರ್ನಾಟಕ, ಜಿಲ್ಲೆ ಮಾತ್ರ ಬರೀ ಬೆಂಗಳೂರು. ಬೆಂಗಳೂರು ಗ್ರಾಮಾಂತರ ಜಿಲ್ಲೆ ಬೇರೆಯಾದದ್ದು 1986ರಲ್ಲಿ. 2014ರ ನವೆಂಬರ್ 1ರಂದು ಇಂಗ್ಲಿಷಿನ ಬ್ಯಾಂಗಲೋರ್ ಹೋಗಿ ಬೆಂಗಳೂರು ಬಂತು. ಅದೇ ದಿನ ಬಿಜಾಪುರ ವಿಜಯಪುರವಾಯಿತು. ಅಲ್ಲಿಂದಾಚೆಗೆ ನಮ್ಮ ಊರಿನ ಹೆಸರನ್ನು ಗೂಗಲ್ಲಿನಲ್ಲಿ ಹಾಕಿದರೆ ಗೋಳಗುಮ್ಮಟ ಬರುತ್ತದೆ! 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ನಮ್ಮ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ಒಪ್ಪಿತು.

ಹುಡುಗಿ ಹುಟ್ಟಿದ್ದು 1997ರಲ್ಲಿ, ಅಮ್ಮನ ತವರಲ್ಲಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕಲ್ಲ. ತವರು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಆಗ ಅದು ಕೋಲಾರ ಜಿಲ್ಲೆ. 2007ರಲ್ಲಿ ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾಯಿತು. ಜನನ ಪ್ರಮಾಣಪತ್ರದಲ್ಲಿ ಕೋಲಾರ, ಪಾಸ್‌ಪೋರ್ಟಿನಲ್ಲಿ ಚಿಕ್ಕಬಳ್ಳಾಪುರ. ಹುಡುಗಿ ಹುಟ್ಟಿದ ಮನೆ ಒಂದಿಂಚೂ ಕದಲಿಲ್ಲ. ಜಿಲ್ಲೆ ಬದಲಾಯಿತು.

ಮದುವೆಯಾದದ್ದಕ್ಕೆ ಇಷ್ಟೊಂದು ಕಾಗದ ಯಾಕೆ? ಯಾವಾಗಿನಿಂದ? ಆವತ್ತು ಚಿಕ್ಕಪ್ಪ ಕೇಳಿದ ಈ ಪ್ರಶ್ನೆಯ ಹಿಂದೆ ಹೋದೆವು. ಹೋದಷ್ಟೂ ದಾರಿ ದೂರವಾಯಿತು. ನಿಮ್ಮ ಮನೆಯಲ್ಲೂ ಇಂಥ ಫೈಲು ಇದ್ದರೆ ಓದಿ.

ಊರೇ ಸಾಕ್ಷಿಯಾಗಿದ್ದ ಕಾಲ

ಹುಡುಗಿಯ ಅಜ್ಜಿಗೆ ಮದುವೆಯ ಕಾಗದ ಇಲ್ಲ. ಫೋಟೋ ಕೂಡ ಇಲ್ಲ. "ಯಾಕೆ ಬೇಕಿತ್ತು? ಚಪ್ಪರದ ಕೆಳಗೆ ಊರೇ ಉಂಡಿತ್ತು" ಅನ್ನುತ್ತಾರೆ ಅಜ್ಜಿ. ಮಾತು ಸರಿ. ವೀಳ್ಯಶಾಸ್ತ್ರಕ್ಕೆ ಯಾರು ಬಂದರು, ಧಾರೆ ಯಾರು ಎರೆದರು, ಸೋದರಮಾವ ಯಾವ ಕಡೆ ನಿಂತಿದ್ದ, ಇದನ್ನೆಲ್ಲ ಊರು ನೆನಪಿಟ್ಟುಕೊಳ್ಳುತ್ತಿತ್ತು. ಜಗಳ ಬಂದರೆ ಹಿರಿಯರು ಕೂತು ಹೇಳುತ್ತಿದ್ದರು. ಮುಸಲ್ಮಾನರಲ್ಲಿ ಖಾಜಿ ಬರೆಯುವ ನಿಕಾಹ್‌ನಾಮಾ ಇತ್ತು. ಕ್ರೈಸ್ತರಲ್ಲಿ ಚರ್ಚಿನ ದಪ್ಪ ಪುಸ್ತಕ ಇತ್ತು, ಅದಕ್ಕೆ 1872ರಲ್ಲೇ ಕಾಯ್ದೆಯೂ ಬಂದಿತ್ತು. ಉಳಿದ ಬಹುಪಾಲು ಜನರಿಗೆ ಊರಿನ ಬಾಯಿಯೇ ರಿಜಿಸ್ಟರು.

ಸರ್ಕಾರ ಮದುವೆಯೊಳಗೆ ಇಣುಕಲು ಶುರುಮಾಡಿದ್ದು ಮೊದಲು ವಯಸ್ಸಿನ ವಿಷಯಕ್ಕೆ. ನಮ್ಮ ಮೈಸೂರು ಸಂಸ್ಥಾನ ಇದರಲ್ಲಿ ಮುಂದಿತ್ತು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1894ರಲ್ಲಿ, ಬಾಲ್ಯವಿವಾಹ ತಡೆಯುವ ಕಾನೂನು ಬಂತು. 8 ವರ್ಷ ತುಂಬದ ಹುಡುಗಿಗೆ ಮದುವೆ ಮಾಡುವುದು ಅಪರಾಧ. 50 ದಾಟಿದ ಗಂಡಸು 14 ತುಂಬದ ಹುಡುಗಿಯನ್ನು ಮದುವೆಯಾಗುವಂತಿಲ್ಲ. ಇವತ್ತು ಓದಿದರೆ ಮೈ ನಡುಗುತ್ತದೆ, ಎಂಟು ವರ್ಷ ಅನ್ನುವುದು ಆಗ ಸುಧಾರಣೆ! ಬ್ರಿಟಿಷ್ ಭಾರತದಲ್ಲಿ ಶಾರದಾ ಕಾಯ್ದೆ ಬಂದದ್ದು ಅದಾಗಿ 35 ವರ್ಷದ ಮೇಲೆ, 1929ರಲ್ಲಿ.

ಆದರೆ ಈ ಕಾನೂನುಗಳು ಯಾವ ಮದುವೆ ಆಗಬಾರದು ಎಂದು ಹೇಳಿದವೇ ಹೊರತು, ಆದ ಮದುವೆಗೆ ಚೀಟಿ ಕೊಡಲಿಲ್ಲ. ಊರೊಳಗೇ ಹುಟ್ಟಿ ಊರೊಳಗೇ ಬಾಳುವವರಿಗೆ ಆ ಚೀಟಿ ಬೇಕಾಗಿರಲಿಲ್ಲ. ಅದು ಬೇಕಾದದ್ದು ಕಡಲು ದಾಟಿದವರಿಗೆ.

1913: ಒಂದು ತೀರ್ಪು, ಸಾವಿರಾರು ಸಂಸಾರ

ಮದುವೆಯ ಕಾಗದವಿಲ್ಲದೆ ಭಾರತೀಯರು ಪಟ್ಟ ಪಾಡಿನ ದೊಡ್ಡ ಅಧ್ಯಾಯ ದಕ್ಷಿಣ ಆಫ್ರಿಕದ್ದು. ಕಬ್ಬಿನ ತೋಟಕ್ಕೆ, ಗಣಿಗೆ, ವ್ಯಾಪಾರಕ್ಕೆ ಅಂತ ಹೋಗಿ ಅಲ್ಲೇ ನೆಲೆಸಿದ್ದ ನಮ್ಮವರು ಊರಿಗೆ ಬಂದು ಮದುವೆಯಾಗಿ ಹೆಂಡತಿಯನ್ನು ಕರೆದುಕೊಂಡು ಹೋಗುವುದು ಮಾಮೂಲಾಗಿತ್ತು. ಹಸನ್ ಈಸಪ್ ಎಂಬುವರ ಹೆಂಡತಿ ಮರಿಯಂಬಾಯಿಯನ್ನು ಅಲ್ಲಿನ ಅಧಿಕಾರಿಗಳು ಒಳಗೆ ಬಿಡಲಿಲ್ಲ. ಪ್ರಕರಣ ಕೇಪ್ ಸುಪ್ರೀಂ ಕೋರ್ಟಿಗೆ ಹೋಯಿತು. 1913ರ ಮಾರ್ಚ್ 14ರಂದು ನ್ಯಾಯಮೂರ್ತಿ ಸರ್ಲ್ ತೀರ್ಪು ಕೊಟ್ಟರು: ಒಬ್ಬನಿಗೆ ಒಬ್ಬಳಿಗಿಂತ ಹೆಚ್ಚು ಹೆಂಡಿರನ್ನು ಒಪ್ಪುವ ಧರ್ಮದ ಪ್ರಕಾರ ಆದ ಮದುವೆ ಇಲ್ಲಿನ ಕಾನೂನಿನ ಕಣ್ಣಿಗೆ ಮದುವೆಯಲ್ಲ.

ಅದರ ಅರ್ಥ ಯೋಚಿಸಿ. ಆ ಕಾಲಕ್ಕೆ ಹಿಂದೂ ಮದುವೆಯೂ ಅದರೊಳಗೆ ಬಂತು, ಮುಸಲ್ಮಾನರ ಮದುವೆಯೂ ಬಂತು. ಒಂದೇ ಏಟಿಗೆ ಸಾವಿರಾರು ಹೆಂಗಸರು ಹೆಂಡತಿಯರಲ್ಲ ಎಂದಾಯಿತು, ಮಕ್ಕಳು ವಾರಸುದಾರರಲ್ಲ ಎಂದಾಯಿತು. ಆಸ್ತಿ, ಮಾನ, ನೆಲೆಸುವ ಹಕ್ಕು, ಮೂರೂ ಅಲುಗಾಡಿದವು.

ಅಲ್ಲಿಯವರೆಗೆ ಗಾಂಧೀಜಿಯ ಸತ್ಯಾಗ್ರಹದಲ್ಲಿ ಜೈಲಿಗೆ ಹೋಗುತ್ತಿದ್ದವರು ಗಂಡಸರು. ಈ ತೀರ್ಪಿನ ನಂತರ ಹೆಂಗಸರೇ ಹೊರಟರು. ಕಸ್ತೂರಬಾ ಅವರೂ ಇದ್ದ 16 ಜನರ ತಂಡ 1913ರ ಸೆಪ್ಟೆಂಬರಿನಲ್ಲಿ ಪರವಾನಗಿ ಇಲ್ಲದೆ ಟ್ರಾನ್ಸ್‌ವಾಲ್ ಗಡಿ ದಾಟಿ ಬಂಧನಕ್ಕೊಳಗಾಯಿತು. ಕಸ್ತೂರಬಾಗೆ ಮೂರು ತಿಂಗಳ ಕಠಿಣ ಸಜೆ. ಆ ಚಳವಳಿಯಲ್ಲಿ ಜೈಲಿಗೆ ಹೋಗಿ ಜ್ವರ ಹತ್ತಿಸಿಕೊಂಡು ಹೊರಬಂದ ವಲ್ಲಿಯಮ್ಮ ಎಂಬ ತಮಿಳು ಹುಡುಗಿ 1914ರ ಫೆಬ್ರವರಿಯಲ್ಲಿ ತೀರಿಕೊಂಡಳು. ಗಣಿ ಕಾರ್ಮಿಕರು ಕೆಲಸ ಬಿಟ್ಟು ನಡೆದರು. ಕೊನೆಗೆ 1914ರಲ್ಲಿ ಭಾರತೀಯರ ಪರಿಹಾರ ಕಾಯ್ದೆ ಬಂತು. ಮೂರು ಪೌಂಡಿನ ತಲೆಗಂದಾಯ ಹೋಯಿತು. ಒಬ್ಬನಿಗೆ ಒಬ್ಬ ಹೆಂಡತಿ ಎಂಬ ಮಿತಿಯಲ್ಲಿ ನಮ್ಮ ಮದುವೆಗಳಿಗೆ ಮಾನ್ಯತೆ ಸಿಕ್ಕಿತು. ನಮ್ಮ ಧರ್ಮಗಳ ಪುರೋಹಿತರನ್ನೇ ವಿವಾಹಾಧಿಕಾರಿಗಳಾಗಿ ನೇಮಿಸಿ ಮದುವೆ ನೋಂದಾಯಿಸಲು ದಾರಿಯೂ ಆಯಿತು.

ವಿಜಯಪುರದಿಂದ ಪಡುವಣಕ್ಕೆ ನೋಡಿದರೆ ನಂದಿಬೆಟ್ಟ ಕಾಣುತ್ತದೆ. 1927ರಲ್ಲಿ ಗಾಂಧೀಜಿ ಆರೋಗ್ಯ ಕೆಟ್ಟು ವಿಶ್ರಾಂತಿಗೆಂದು ತಂಗಿದ್ದು ಅಲ್ಲೇ. ಅವರ ಹೋರಾಟದ ಪಾಠ ಓದುವಾಗ ಉಪ್ಪು ನೆನಪಿರುತ್ತದೆ, ಚರಕ ನೆನಪಿರುತ್ತದೆ. ಹೆಂಗಸರು ಮೊದಲು ಜೈಲಿಗೆ ಹೋದ ಕಾರಣಗಳಲ್ಲಿ ಮದುವೆಯ ಮಾನ್ಯತೆಯೂ ಒಂದು ಎಂಬುದು ನಮಗೂ ಈ ಫೈಲು ಹಿಡಿಯುವ ತನಕ ಸರಿಯಾಗಿ ಗೊತ್ತಿರಲಿಲ್ಲ.

ಬಾಗಿಲು ಮುಚ್ಚಿದ್ದ ದೇಶಗಳು

ಕೆನಡಾ 1908ರಲ್ಲಿ ಒಂದು ಉಪಾಯ ಮಾಡಿತು. ಹೊರಟ ದೇಶದಿಂದ ನಡುವೆ ಎಲ್ಲೂ ಇಳಿಯದೆ ಒಂದೇ ಪ್ರಯಾಣದಲ್ಲಿ ಬಂದವರಿಗೆ ಮಾತ್ರ ಪ್ರವೇಶ. ಭಾರತದಿಂದ ಹಾಗೆ ನೇರ ಬರುವ ಹಡಗೇ ಇರಲಿಲ್ಲ. ಮೊದಲೇ ಹೋಗಿದ್ದ ಗಂಡಸರು ಅಲ್ಲಿ, ಹೆಂಡತಿ ಮಕ್ಕಳು ಇಲ್ಲಿ. ಮೊದಲ ಮಹಾಯುದ್ಧದಲ್ಲಿ ಭಾರತೀಯ ಸೈನಿಕರು ಸಾಮ್ರಾಜ್ಯಕ್ಕಾಗಿ ಪ್ರಾಣ ಕೊಟ್ಟ ಮೇಲೆ, 1919ರಲ್ಲಿ, ಹೆಂಡತಿ ಮಕ್ಕಳಿಗೆ ಬಾಗಿಲು ತೆರೆಯಿತು. ಆದರೂ ಕೂಡಲೇ ಹೋಗಲಾಗಲಿಲ್ಲ. ಇವಳು ಇವನ ಹೆಂಡತಿ ಎಂದು ಇಲ್ಲಿಂದ ಬರೆದುಕೊಡುವ ವ್ಯವಸ್ಥೆ ಕೂಡಿಬರಲು ಮತ್ತೆ ಕೆಲವು ವರ್ಷ ಹಿಡಿಯಿತು. ಕಾಯ್ದೆ ಒಪ್ಪಿತ್ತು, ಕಾಗದ ಇರಲಿಲ್ಲ. ನಮ್ಮ ಚಿಕ್ಕಪ್ಪನಿಗೆ ಇದನ್ನು ಹೇಳಿದಾಗ "ಆವಾಗಲೂ ಇದೇ ಗೋಳಾ" ಅಂದರು.

ಅಮೆರಿಕದ್ದು ಇನ್ನೊಂದು ಕಥೆ. 1917ರ ಕಾಯ್ದೆ ಏಷ್ಯದ ಬಹುಭಾಗದ ಜನರನ್ನೇ ಹೊರಗಿಟ್ಟಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬುವರ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರರಾಗಲಾರರು ಎಂದಿತು. ಥಿಂಡ್ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದವರು. 1922ರ ಇನ್ನೊಂದು ಕಾಯ್ದೆಯ ಪ್ರಕಾರ, ಹೀಗೆ ಪೌರತ್ವಕ್ಕೆ ಅರ್ಹನಲ್ಲದವನನ್ನು ಮದುವೆಯಾದ ಅಮೆರಿಕದ ಹೆಣ್ಣು ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು. ಅಂದರೆ ಆಗ ಮದುವೆಯಿಂದ ಪೌರತ್ವ ಬರುವುದಿರಲಿ, ಇದ್ದದ್ದೂ ಹೋಗುತ್ತಿತ್ತು! ಆ ನಿಯಮ ತೊಲಗಿದ್ದು 1931ರಲ್ಲಿ. ಹೆಂಡತಿಯನ್ನು ಕರೆಸಿಕೊಳ್ಳಲಾಗದ ಪಂಜಾಬಿ ರೈತರಲ್ಲಿ ಹಲವರು ಕ್ಯಾಲಿಫೋರ್ನಿಯದಲ್ಲಿ ಮೆಕ್ಸಿಕೋ ಮೂಲದ ಹೆಂಗಸರನ್ನು ಮದುವೆಯಾಗಿ ಸಂಸಾರ ಹೂಡಿದರು.

1946ರಲ್ಲಿ ಭಾರತೀಯರಿಗೆ ಪೌರತ್ವದ ಹಕ್ಕು ಸಿಕ್ಕಿತು. ಹೊಸದಾಗಿ ಬರುವವರಿಗೆ ಇಟ್ಟ ಮಿತಿ ವರ್ಷಕ್ಕೆ 100 ಜನ. ಇಡೀ ಭಾರತಕ್ಕೆ 100! ನಿಜವಾದ ಬಾಗಿಲು ತೆರೆದದ್ದು 1965ರ ಕಾಯ್ದೆ. ಅದು ದೇಶವಾರು ಹಳೆಯ ಪಾಲನ್ನು ಕಿತ್ತುಹಾಕಿತು. ಪೌರರ ಗಂಡ–ಹೆಂಡತಿ, ಚಿಕ್ಕ ಮಕ್ಕಳು, ತಂದೆ–ತಾಯಿಯರನ್ನು ಸಂಖ್ಯೆಯ ಮಿತಿಯಿಂದ ಹೊರಗಿಟ್ಟಿತು. ಇವತ್ತು ನಮ್ಮೂರ ಹುಡುಗಿ ಹಾಕುತ್ತಿರುವ ಅರ್ಜಿ ನಿಂತಿರುವುದು ಆ ಅಡಿಪಾಯದ ಮೇಲೆ.

ಕಾಗದ ನಂಬದಾಗ

ಬಾಗಿಲು ತೆರೆದ ಮೇಲೆ ಅನುಮಾನ ಶುರುವಾಯಿತು. ಇದು ನಿಜವಾದ ಮದುವೆಯೋ, ದೇಶಕ್ಕೆ ಬರುವ ನೆಪವೋ?

ಅನುಮಾನ ಎಷ್ಟು ಕೆಳಗಿಳಿಯಬಹುದು ಎಂಬುದಕ್ಕೆ 1979ರ ಜನವರಿಯ ಒಂದು ಘಟನೆ ಸಾಕು. ಲಂಡನ್ನಿನ ಹೀಥ್ರೋ ವಿಮಾನ ನಿಲ್ದಾಣಕ್ಕೆ ಮದುವೆಯಾಗಲೆಂದು ಬಂದಿಳಿದ ಭಾರತದ ಒಬ್ಬ ಮಹಿಳೆ, ವೃತ್ತಿಯಲ್ಲಿ ಶಿಕ್ಷಕಿ, ಆಕೆಯನ್ನು ಕನ್ಯತ್ವ ಪರೀಕ್ಷೆಗೆ ಒಳಪಡಿಸಿದರು. ಈಗಾಗಲೇ ಮದುವೆಯಾದವಳು ಸುಳ್ಳು ಹೇಳುತ್ತಿದ್ದಾಳೋ ಎಂದು ನೋಡಲು! ಪತ್ರಿಕೆ ಅದನ್ನು ಬಯಲಿಗೆಳೆಯಿತು, ಇಲ್ಲಿಯೂ ಅಲ್ಲಿಯೂ ಗಲಾಟೆಯಾಯಿತು, ಪರೀಕ್ಷೆ ನಿಂತಿತು. ಅದು ಒಬ್ಬರಿಗೆ ಮಾತ್ರ ಆದದ್ದಲ್ಲ ಎಂಬುದು ಹಳೆಯ ಸರ್ಕಾರಿ ಕಡತಗಳಿಂದ 2011ರಲ್ಲಿ ಹೊರಬಂತು. ಕನಿಷ್ಠ 80 ಹೆಂಗಸರು. ಆಮೇಲೆ 1997ರವರೆಗೂ ಬ್ರಿಟನ್ನಿನಲ್ಲಿ ಒಂದು ನಿಯಮವಿತ್ತು. ಮದುವೆಯ ಮುಖ್ಯ ಉದ್ದೇಶ ಬ್ರಿಟನ್ನಿಗೆ ಬರುವುದಲ್ಲ ಎಂದು ದಂಪತಿಯೇ ಸಾಬೀತು ಮಾಡಬೇಕಿತ್ತು. ಮನಸ್ಸಿನೊಳಗೆ ಇಲ್ಲದ್ದನ್ನು ಇಲ್ಲ ಎಂದು ಹೇಗೆ ತೋರಿಸುವುದು?

ಅಮೆರಿಕ 1986ರಲ್ಲಿ ಬೇರೆ ದಾರಿ ಹಿಡಿಯಿತು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಕಾಯಂ ನೆಲೆ ಸಿಕ್ಕರೆ ಅದು ಷರತ್ತಿನ ನೆಲೆ. ಎರಡು ವರ್ಷದ ಕಾರ್ಡು. ಅದು ಮುಗಿಯುವ ಮುಂಚಿನ 90 ದಿನಗಳೊಳಗೆ ಗಂಡ–ಹೆಂಡತಿ ಜೊತೆಯಾಗಿ ಮತ್ತೆ ಅರ್ಜಿ ಹಾಕಿ, ಸಂಸಾರ ನಿಜ ಎಂದು ತೋರಿಸಬೇಕು. ಇದನ್ನು ಹೆಣ್ಣುಮಕ್ಕಳ ಮನೆಯವರು ಸರಿಯಾಗಿ ತಿಳಿದುಕೊಳ್ಳಬೇಕು. ಇದರ ವಿಷಯ ಕೊನೆಗೆ ಮತ್ತೆ ಹೇಳುತ್ತೇವೆ.

ನಮ್ಮ ಕಡೆ ಕಾಗದ ಬಂದ ಬಗೆ

ಸ್ವತಂತ್ರ ಭಾರತದಲ್ಲಿ 1954ರಲ್ಲಿ ವಿಶೇಷ ವಿವಾಹ ಕಾಯ್ದೆ ಬಂತು. ಬೇರೆ ಬೇರೆ ಧರ್ಮದವರೂ ಮದುವೆಯಾಗಬಹುದು, 30 ದಿನ ಮೊದಲು ನೋಟಿಸು ಕೊಡಬೇಕು. 1955ರಲ್ಲಿ ಹಿಂದೂ ವಿವಾಹ ಕಾಯ್ದೆ. ಅದರ 8ನೇ ಕಲಮು ನೋಂದಣಿಗೆ ಅವಕಾಶ ಕೊಟ್ಟಿತು, ಜೊತೆಗೇ ನೋಂದಣಿ ಆಗದಿದ್ದ ಮಾತ್ರಕ್ಕೆ ಮದುವೆ ಕೆಡುವುದಿಲ್ಲ ಎಂದೂ ಹೇಳಿತು. ಶಾಸ್ತ್ರ ಆಗಿದ್ದರೆ ಮದುವೆ ಆಯಿತು. ಊರವರು ಆ ಎರಡನೇ ಮಾತನ್ನು ಹಿಡಿದುಕೊಂಡರು, ಮೊದಲನೆಯದನ್ನು ಬಿಟ್ಟರು.

ನಮ್ಮ ರಾಜ್ಯ 1976ರಲ್ಲಿ ಎಲ್ಲ ಧರ್ಮದವರ ಮದುವೆಗಳಿಗೂ ನೋಂದಣಿ ಬೇಕು ಎಂದು ಪ್ರತ್ಯೇಕ ಕಾಯ್ದೆ ಮಾಡಿತು. ಪುಸ್ತಕದಲ್ಲಿ ಕಾಯ್ದೆ ಇತ್ತು, ಹಳ್ಳಿಯಲ್ಲಿ ಸುದ್ದಿ ಇರಲಿಲ್ಲ. 2006ರ ಫೆಬ್ರವರಿ 14ರಂದು ಸೀಮಾ ಮತ್ತು ಅಶ್ವನಿ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಯಾವ ಧರ್ಮದ ಮದುವೆಯೇ ಆಗಲಿ ನಡೆದ ರಾಜ್ಯದಲ್ಲಿ ನೋಂದಣಿ ಕಡ್ಡಾಯ ಮಾಡಿ ಎಂದು ರಾಜ್ಯಗಳಿಗೆ ಹೇಳಿತು. ಬಾಲ್ಯವಿವಾಹ, ಎರಡನೇ ಮದುವೆ, ಬಿಟ್ಟುಹೋದ ಗಂಡನಿಂದ ಜೀವನಾಂಶ, ವಿಧವೆಯ ಪಾಲು, ಎಲ್ಲದಕ್ಕೂ ಈ ಕಾಗದ ಹೆಣ್ಣಿಗೆ ಆಸರೆ ಎಂಬುದು ಕೋರ್ಟಿನ ವಾದ. 2024ರಲ್ಲಿ ನಮ್ಮ ರಾಜ್ಯದಲ್ಲಿ ಹಿಂದೂ ಮದುವೆಗಳನ್ನು ಕಾವೇರಿ 2 ತಂತ್ರಾಂಶದಲ್ಲಿ ಆನ್‌ಲೈನಾಗಿ ನೋಂದಾಯಿಸುವ ವ್ಯವಸ್ಥೆ ಬಂತು.

ಹುಟ್ಟಿದ ಕಾಗದದ ಕಥೆಯೂ ಇದೇ. ದೇಶಕ್ಕೆಲ್ಲ ಒಂದೇ ಜನನ–ಮರಣ ನೋಂದಣಿ ಕಾಯ್ದೆ 1969ರದು. ಅದಕ್ಕೂ ಮೊದಲು ಹುಟ್ಟಿದ ನಮ್ಮ ಹಿರಿಯರಲ್ಲಿ ಎಷ್ಟೋ ಜನ ಜೂನ್ 1ರಂದು ಹುಟ್ಟಿದವರು! ಶಾಲೆಗೆ ಸೇರಿಸುವಾಗ ಮೇಷ್ಟ್ರು ಲೆಕ್ಕ ಹಾಕಿ ಬರೆದ ದಿನ ಅದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟಿಗೆ ಜನ್ಮದಿನಾಂಕದ ಪುರಾವೆ ಅಂದರೆ ಜನನ ಪ್ರಮಾಣಪತ್ರ ಒಂದೇ. ಮೇಷ್ಟ್ರ ಜೂನ್ 1 ಇನ್ನು ನಡೆಯುವುದಿಲ್ಲ.

ಮತ್ತೆ ಜಗಲಿಗೆ

ಈಗ ಆ ಫೈಲಿಗೆ ಬರೋಣ. ಗಂಡ ಅಲ್ಲಿಂದ ಐ-130 ಎಂಬ ಅರ್ಜಿ ಹಾಕಬೇಕು, ಇವಳು ನನ್ನ ಹೆಂಡತಿ ಅಂತ. ಹೆಂಡತಿಯನ್ನು ಸಾಕುವಷ್ಟು ಆದಾಯ ನನಗಿದೆ ಎಂಬ ಮುಚ್ಚಳಿಕೆ ಬೇರೆ. ಹುಡುಗಿ ಕಡೆಯಿಂದ ಮದುವೆ ಪ್ರಮಾಣಪತ್ರ, ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಕ್ಲಿಯರೆನ್ಸ್, ವೈದ್ಯಕೀಯ ತಪಾಸಣೆ. ಜೊತೆಗೆ ಸಂಸಾರ ನಿಜ ಎಂದು ತೋರಿಸುವ ಫೋಟೋ, ಪತ್ರ, ಪ್ರಯಾಣದ ಟಿಕೆಟ್ಟು, ಫೋನಿನ ಮಾತುಕತೆ. ಇದರಲ್ಲಿ ನಮ್ಮನ್ನು ಕಾಡಿದ್ದು ನಾಲ್ಕು.

ಮೊದಲನೆಯದು ಲಗ್ನಪತ್ರಿಕೆ. "ಶೋಭಕೃತ್ ನಾಮ ಸಂವತ್ಸರ, ಮಾಘ ಮಾಸ, ಶುಕ್ಲ ಪಕ್ಷ" ಎಂದು ಶುರುವಾಗುತ್ತದೆ. ಇಂಗ್ಲಿಷ್ ತಾರೀಖು ಕೆಳಗೆ ಸಣ್ಣಕ್ಷರದಲ್ಲಿ. ಎಲ್ಲವನ್ನೂ ಪೂರ್ತಿ ಅನುವಾದ ಮಾಡಬೇಕು. ನಮಗೆ ಎರಡೂ ಭಾಷೆ ಬರುತ್ತದೆ, ಅನುವಾದ ಪೂರ್ಣ ಮತ್ತು ಸರಿಯಾಗಿದೆ ಎಂದು ಅನುವಾದಕರು ಬರೆದು ಸಹಿ ಹಾಕಬೇಕು. "ಸಂವತ್ಸರ"ವನ್ನು ಹಾಗೇ ಬಿಟ್ಟು, ಅದು ಅರವತ್ತು ವರ್ಷದ ಚಕ್ರದಲ್ಲಿ ಒಂದು ವರ್ಷದ ಹೆಸರು ಎಂದು ಒಂದು ಸಾಲು ಸೇರಿಸಿದೆವು.

ಎರಡನೆಯದು ಆಲ್ಬಮ್ಮು. ನಮ್ಮ ಕಡೆ ಹಿಂದಿನ ದಿನ ಸಂಜೆ ಆರತಕ್ಷತೆ, ಮಾರನೇ ಬೆಳಿಗ್ಗೆ ಮುಹೂರ್ತ. ಆಲ್ಬಮ್ಮಿನ ಮೊದಲ ಅರ್ಧ ಶನಿವಾರದ ಫೋಟೋ. ಪ್ರಮಾಣಪತ್ರದಲ್ಲಿ ಮದುವೆ ಭಾನುವಾರ. ಮದುವೆಗೆ ಮೊದಲೇ ಹೂಮಾಲೆ ಹಾಕಿಕೊಂಡು ಜನರಿಂದ ಉಡುಗೊರೆ ತೆಗೆದುಕೊಳ್ಳುತ್ತಿದ್ದೀರಲ್ಲ ಎಂದು ದೂರದ ಅಧಿಕಾರಿ ಕೇಳಿದರೆ ತಪ್ಪೇನಿಲ್ಲ. ಅಲ್ಲಿ ಮದುವೆಯಾದ ಮೇಲೆ ತಾನೇ ಔತಣ! ಪ್ರತಿ ಫೋಟೋದ ಹಿಂದೆ ದಿನ, ಜಾಗ, ಯಾವ ಶಾಸ್ತ್ರ ಎಂದು ಬರೆದೆವು. ಹುಡುಗಿಯ ಅತ್ತೆ, ಸೋದರಮಾವ ಯಾರ್ಯಾರು ಎಂದು ಕೂತು ಗುರುತಿಸಿದ್ದು ಅಜ್ಜಿ.

ಮೂರನೆಯದು ಹೆಸರು. ನಮ್ಮಲ್ಲಿ ಮನೆತನದ ಹೆಸರು ಎಷ್ಟೋ ಜನಕ್ಕೆ ಇಲ್ಲ. ಹೆಸರಿನ ಮುಂದೆ ಎರಡು ಅಕ್ಷರ. ಒಂದು ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟಿನಲ್ಲಿ ಹೆಸರು ಮತ್ತು ಉಪನಾಮ ಎಂದು ಎರಡು ಖಾನೆ. ಒಂದೇ ಪದದ ಹೆಸರಿದ್ದು ಅದನ್ನು ಉಪನಾಮದ ಖಾನೆಯಲ್ಲಿ ತುಂಬಿದರೆ, ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ಎಫ್‌ಎನ್‌ಯು ಎಂದು ಬರುತ್ತದೆ. ಮೊದಲ ಹೆಸರು ತಿಳಿಯದು ಎಂದು ಅರ್ಥ. ಅಪ್ಪ ಅಮ್ಮ ಪ್ರೀತಿಯಿಂದ ಇಟ್ಟ ಹೆಸರು ತಿಳಿಯದಾಗಿಬಿಡುತ್ತದೆ. ಇವಳದ್ದು ಹಾಗಾಗಿರಲಿಲ್ಲ, ಆದರೆ ಅಮ್ಮನ ಹೆಸರು ಕೈಕೊಟ್ಟಿತು. ಜನನ ಪ್ರಮಾಣಪತ್ರದಲ್ಲಿ ತವರಿನ ಹೆಸರು, ಆಧಾರಿನಲ್ಲಿ ಗಂಡನ ಮನೆಯವರು ಇಟ್ಟ ಹೆಸರು. ಇಬ್ಬರೂ ಒಬ್ಬಳೇ ಎಂದು ಪ್ರಮಾಣ ಮಾಡಿ ಅಫಿಡವಿಟ್ಟು ಮಾಡಿಸಿದೆವು.

ನಾಲ್ಕನೆಯದು ಊರು. ವಡಿಗೇನಹಳ್ಳಿಯೇ ವಿಜಯಪುರ, ಈ ವಿಜಯಪುರ ಆ ವಿಜಯಪುರವಲ್ಲ, ಕೋಲಾರದಿಂದ ಚಿಕ್ಕಬಳ್ಳಾಪುರ ಬೇರೆಯಾದದ್ದು 2007ರಲ್ಲಿ. ಒಂದು ಪುಟದಲ್ಲಿ ಇಸವಿ ಸಮೇತ ಬರೆದು ಫೈಲಿನಲ್ಲಿಟ್ಟೆವು. ನಾವು ಬರೆದ ಅತಿ ಚಿಕ್ಕ ಜಿಲ್ಲಾ ಇತಿಹಾಸ ಅದೇ ಇರಬೇಕು.

ಇನ್ನೊಂದು ತಮಾಷೆ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ಶುರುವಾದಾಗಿನಿಂದ ವಿದೇಶದ ವಿಮಾನಗಳು ನಮ್ಮ ತಲೆಯ ಮೇಲೇ ಹಾರುತ್ತವೆ. ಆದರೆ ಅಮೆರಿಕಕ್ಕೆ ನೆಲೆಸಲು ಹೋಗುವವರ ಸಂದರ್ಶನ ಮುಂಬೈಯಲ್ಲಿ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟನ್ನು 2025ರ ಜನವರಿಯಲ್ಲಿ ಉದ್ಘಾಟಿಸಿದರೂ ಆಗ ವೀಸಾ ಕೆಲಸ ಶುರುವಾಗಲಿಲ್ಲ.

ಹುಡುಗಿಯ ಕೈಯಲ್ಲಿ ಏನಿರಬೇಕು

ಮೂರನೇ ಭಾನುವಾರ ಎಲ್ಲ ಮುಗಿದು ಫೈಲು ಕಟ್ಟುವಾಗ ಅವಳು ಒಂದು ಮಾತು ಕೇಳಿದಳು: "ಇದೆಲ್ಲ ಅವರ ಕೈಗೆ ಹೋದಮೇಲೆ ನನ್ನ ಹತ್ರ ಏನಿರತ್ತೆ?"

ಅದೇ ಸರಿಯಾದ ಪ್ರಶ್ನೆ. ಅವಳ ಗಂಡ ಒಳ್ಳೆಯವನೇ. ಆದರೆ ಎಲ್ಲರ ಅದೃಷ್ಟ ಒಂದೇ ಅಲ್ಲ. ವಿದೇಶದ ಗಂಡ ಮದುವೆಯಾಗಿ ಬಿಟ್ಟುಹೋದ, ಪಾಸ್‌ಪೋರ್ಟು ಕಿತ್ತುಕೊಂಡ, ಅರ್ಜಿಯನ್ನೇ ಹಾಕಲಿಲ್ಲ, ಇಂಥ ದೂರುಗಳಿಗೆಂದೇ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಅನಿವಾಸಿ ಭಾರತೀಯರ ಘಟಕವಿದೆ. ಇಂಥ ಮದುವೆಗಳ ನೋಂದಣಿ ಕಡ್ಡಾಯ ಮಾಡುವ ಮಸೂದೆ 2019ರಲ್ಲಿ ರಾಜ್ಯಸಭೆಗೆ ಬಂತು. 2024ರ ಫೆಬ್ರವರಿಯಲ್ಲಿ ಕಾನೂನು ಆಯೋಗ ತನ್ನ 287ನೇ ವರದಿಯಲ್ಲಿ ಇದೇ ಮಾತು ಹೇಳಿತು.

ಅಮೆರಿಕದ ಎರಡು ವರ್ಷದ ಷರತ್ತಿನ ಕಾರ್ಡಿನ ವಿಷಯ ಹೇಳಿದೆವಲ್ಲ. ಜೊತೆಯಾಗಿ ಅರ್ಜಿ ಹಾಕಬೇಕು ಎಂಬ ಕಾರಣಕ್ಕೆ ಹೊಡೆತ ತಿಂದುಕೊಂಡು ಇರಬೇಕಾಗಿಲ್ಲ. ಹಿಂಸೆ ಅನುಭವಿಸಿದವರು ಒಬ್ಬರೇ ಅರ್ಜಿ ಹಾಕಲು ಅಲ್ಲಿನ ಕಾನೂನಿನಲ್ಲಿ ದಾರಿಯಿದೆ. ಮದುವೆ ನಿಜ ಎಂಬುದಕ್ಕೆ ಆಗಲೂ ಇವೇ ಕಾಗದ ಬೇಕು. ಹಾಗಾಗಿ ಅವಳಿಗೆ ನಾವು ಹೇಳಿದ್ದು ಇಷ್ಟು. ಮದುವೆ ಪ್ರಮಾಣಪತ್ರದ ದೃಢೀಕೃತ ಪ್ರತಿ ಇನ್ನೂ ಎರಡು ತೆಗೆಸು, ಒಂದು ಅಮ್ಮನ ಹತ್ತಿರ ಇರಲಿ. ಎಲ್ಲವನ್ನೂ ಸ್ಕ್ಯಾನ್ ಮಾಡಿ ನಿನ್ನ ಹೆಸರಿನ ಇಮೇಲಿಗೇ ಹಾಕಿಕೋ, ಪಾಸ್‌ವರ್ಡು ನಿನ್ನದಾಗಿರಲಿ. ಪಾಸ್‌ಪೋರ್ಟನ್ನು ಯಾರ ಕೈಗೂ ಕೊಟ್ಟು ಸುಮ್ಮನಿರಬೇಡ. ಗಂಡ ಹಾಕುವ ಅರ್ಜಿಯ ಸಂಖ್ಯೆ ನಿನಗೆ ಗೊತ್ತಿರಲಿ. ಅವನ ಅಲ್ಲಿನ ವಿಳಾಸ, ಕೆಲಸದ ಜಾಗ ಬರೆದಿಟ್ಟುಕೋ.

ಓದುವ ನಿಮಗೂ ಒಂದು ಮಾತು. ವಿದೇಶಕ್ಕೆ ಹೋಗದಿದ್ದರೂ ಮದುವೆ ನೋಂದಾಯಿಸಿ. ಮದುವೆ ನಡೆದ ಜಾಗ ಅಥವಾ ಗಂಡು–ಹೆಣ್ಣಿನ ಮನೆ ಯಾವ ಉಪನೋಂದಣಾಧಿಕಾರಿ ವ್ಯಾಪ್ತಿಗೆ ಬರುತ್ತದೋ ಅಲ್ಲಿ ಕೇಳಿ. ಲಗ್ನಪತ್ರಿಕೆ ಎರಡು ಪ್ರತಿ ಎತ್ತಿಡಿ. ಮಗುವಿನ ಜನನ ಪ್ರಮಾಣಪತ್ರದಲ್ಲಿ ಹೆಸರಿನ ಖಾನೆ ಖಾಲಿ ಇದ್ದರೆ ಈಗಲೇ ತುಂಬಿಸಿ. ಮನೆಯಲ್ಲಿ ಎಲ್ಲರ ಹೆಸರಿನ ಇಂಗ್ಲಿಷ್ ಅಕ್ಷರ ಒಂದೇ ರೀತಿ ಇದೆಯಾ ನೋಡಿ.

1913ರಲ್ಲಿ ಆ ಹೆಂಗಸರು ಜೈಲಿಗೆ ಹೋದದ್ದು ತಮ್ಮ ಮದುವೆಯನ್ನು ಮದುವೆ ಎನ್ನಿಸಿಕೊಳ್ಳಲು. ನಮಗೆ ಈಗ ಬೇಕಿರುವುದು ಒಂದು ದಿನದ ಕೆಲಸ ಬಿಟ್ಟು ತಾಲ್ಲೂಕಿಗೆ ಹೋಗುವಷ್ಟು ಮನಸ್ಸು.

ಫೈಲು ಹೋಗಿದೆ. ಹುಡುಗಿ ಇನ್ನೂ ಕಾಯುತ್ತಿದ್ದಾಳೆ, ಬೆಳಿಗ್ಗೆ ಅಪ್ಪನ ಜೊತೆ ಗೂಡಿನ ಲೆಕ್ಕ ಬರೆಯುತ್ತಾಳೆ. ಮೊನ್ನೆ ಹೋದಾಗ ಅಜ್ಜಿ ನಮ್ಮನ್ನು ಕರೆದು ಕೇಳಿದರು: "ನಂದೂ ಒಂದು ಬರೆಸಿಕೊಡ್ರಪ್ಪಾ, ನಿಮ್ಮ ತಾತ ಇಲ್ಲದಿದ್ರೂ ಬರೆಸಬಹುದಾ?" ತಾತ ಹೋಗಿ ಹತ್ತು ವರ್ಷವಾಯಿತು. ಏನು ಹೇಳಬೇಕೋ ತಿಳಿಯಲಿಲ್ಲ. ಕೊನೆಗೆ ಒಂದು ಹಾಳೆಯಲ್ಲಿ ಅಜ್ಜಿ ಹೇಳಿದ್ದನ್ನೆಲ್ಲ ಬರೆದೆವು. ಯಾವ ಚಪ್ಪರ, ಯಾವ ತಿಂಗಳು, ಯಾರು ಧಾರೆ ಎರೆದರು, ಊಟಕ್ಕೆ ಏನಿತ್ತು. ಕೆಳಗೆ ಅಜ್ಜಿ ಹೆಬ್ಬೆಟ್ಟು ಒತ್ತಿದರು. ಸಾಕ್ಷಿಗೆ ನಾವು ಸಹಿ ಹಾಕಿದೆವು. ಯಾವ ಕಚೇರಿಯಲ್ಲೂ ಅದು ನಡೆಯುವುದಿಲ್ಲ. ಆದರೂ ಅಜ್ಜಿ ಅದನ್ನು ಟ್ರಂಕಿನಲ್ಲಿ, ರೇಷ್ಮೆ ಸೀರೆಯ ಕೆಳಗೆ ಇಟ್ಟುಕೊಂಡಿದ್ದಾರೆ.